ಸಂಪಾದಕರ ಉತ್ತರ: ಅಪ್ಪ, ಮಗಳು ಮತ್ತು ಡೈವಿಂಗ್ ಪಾಠ

ಮಾನ್ಯರೆ,

ಬೆಂಗಳೂರಿನಿಂದ ನೀವು ಬರೆದ ಪತ್ರ ತಲುಪಿದೆ. ಕಳೆದ ಡಿಸೆಂಬರಿನಲ್ಲಿ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ, ತರಬೇತುದಾರರ ಕೈಹಿಡಿದು ಸ್ವಲ್ಪ ಹೊತ್ತು ನೀರಿನಡಿ ಇದ್ದು ಬಂದಂದಿನಿಂದ ಹದಿಮೂರು ವರ್ಷದ ನಿಮ್ಮ ಮಗಳು ಸ್ಕೂಬಾ ಡೈವಿಂಗನ್ನು ಕ್ರಮವಾಗಿ ಕಲಿಯಬೇಕೆಂದು ಹಟ ಹಿಡಿದಿದ್ದಾಳೆ, ನೀವೂ ಅವಳೊಂದಿಗೆ ಕೋರ್ಸಿಗೆ ಸೇರಿದ್ದೀರಿ. ಈಜುಕೊಳದ ಪಾಠದಲ್ಲಿ ಮಾಸ್ಕಿನೊಳಗೆ ನೀರು ನುಗ್ಗಿದಾಗ ಅವಳು ಗಾಬರಿಯಿಂದ ಮೇಲೆದ್ದಳೆಂದೂ, ನೀವು ‘ಹೆದರಬೇಡ, ಮತ್ತೆ ಇಳಿ’ ಎಂದು ಒತ್ತಾಯಿಸಿದಾಗ ಅತ್ತಳೆಂದೂ ಬರೆದಿದ್ದೀರಿ. ಈ ವಯಸ್ಸು ಇದಕ್ಕೆ ತಕ್ಕದ್ದೇ, ಒತ್ತಾಯಿಸಿದ್ದು ತಪ್ಪೇ, ಪ್ರಮಾಣಪತ್ರ ಸಿಕ್ಕ ಮೇಲೆ ಅಪ್ಪ ಮಗಳು ಇಬ್ಬರೇ ಜೋಡಿಯಾಗಿ ಇಳಿಯಬಹುದೇ ಎಂಬುದು ನಿಮ್ಮ ಪ್ರಶ್ನೆ.

ವಯಸ್ಸಿನ ಮಾತನ್ನು ಬೇಗ ಮುಗಿಸುತ್ತೇನೆ. ಡೈವಿಂಗ್ ತರಬೇತಿಯ ಪ್ರಮಾಣಪತ್ರ ನೀಡುವ ಪ್ಯಾಡಿ ಸಂಸ್ಥೆಯ ನಿಯಮದಂತೆ 10 ವರ್ಷ ತುಂಬಿದವರು ಜೂನಿಯರ್ ಓಪನ್ ವಾಟರ್ ಕೋರ್ಸ್ ಮಾಡಬಹುದು. 12ರಿಂದ 14 ವರ್ಷದವರು ಪ್ರಮಾಣಪತ್ರವಿರುವ ವಯಸ್ಕರೊಬ್ಬರ ಜೊತೆ 18 ಮೀಟರ್ ಆಳದವರೆಗೆ ಇಳಿಯಬಹುದು. 200 ಮೀಟರ್ ಈಜುವುದು, 10 ನಿಮಿಷ ತೇಲುವುದು ಬರಬೇಕು. ಆರೋಗ್ಯದ ಪ್ರಶ್ನಾವಳಿಯಲ್ಲಿ ಅಸ್ತಮಾ, ಅಪಸ್ಮಾರ, ಕಿವಿಯ ಶಸ್ತ್ರಚಿಕಿತ್ಸೆ ಮುಂತಾದವುಗಳ ಬಗ್ಗೆ ಕೇಳುತ್ತಾರೆ. ಕೋರ್ಸ್ ಕೈತಪ್ಪೀತೆಂಬ ಆತಂಕದಲ್ಲಿ ಯಾವುದನ್ನೂ ಮುಚ್ಚಿಡದೆ, ಒಂದಕ್ಕೆ ‘ಹೌದು’ ಎಂದರೂ ವೈದ್ಯರ ಒಪ್ಪಿಗೆ ಪಡೆಯಿರಿ. ಇವೆಲ್ಲ ಸರಿಯಿದ್ದರೆ ಹದಿಮೂರು ಸಣ್ಣ ವಯಸ್ಸೇನೂ ಅಲ್ಲ.

ಎರಡನೆಯ ಪ್ರಶ್ನೆಗೆ ನನ್ನ ಉತ್ತರ ನೇರವಾಗಿದೆ: ಒತ್ತಾಯಿಸಬಾರದಿತ್ತು. ಮೂಗು ನೀರಿನಲ್ಲಿರುವಾಗ ಬಾಯಿಂದ ಉಸಿರಾಡುವುದು ದೇಹಕ್ಕೆ ಒಗ್ಗದ ಕೆಲಸ. ಮೂಗಿಗೆ ನೀರು ತಾಕಿದೊಡನೆ ಉಸಿರು ಬಿಗಿಹಿಡಿದು ಮೇಲಕ್ಕೇಳು ಎನ್ನುತ್ತದೆ ದೇಹ. ಮಾಸ್ಕಿನ ನೀರನ್ನು ಹೊರಹಾಕುವ ವಿಧಾನ ಹೇಳಲು ಸುಲಭ: ಮಾಸ್ಕಿನ ಮೇಲಂಚನ್ನು ಹಣೆಗೆ ಒತ್ತಿ ಹಿಡಿದು, ಮುಖವನ್ನು ತುಸು ಮೇಲೆತ್ತಿ, ಮೂಗಿನಿಂದ ನಿಧಾನವಾಗಿ ಗಾಳಿ ಬಿಟ್ಟರೆ ನೀರು ಕೆಳಂಚಿನಿಂದ ಹೊರಟುಹೋಗುತ್ತದೆ. ಆದರೆ ಅದಕ್ಕೆ ಬೇಕಾದ ಸಮಾಧಾನ ಅಪ್ಪನ ಆಣತಿಯಿಂದ ಬರುವಂಥದ್ದಲ್ಲ. ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಮಾಸ್ಕ್ ಇಲ್ಲದೆ ಮುಖವನ್ನಷ್ಟೇ ಮುಳುಗಿಸಿ, ಸ್ನಾರ್ಕೆಲ್ ಎಂಬ ಉಸಿರುಕೊಳವೆಯಿಂದ ಉಸಿರಾಡುವುದನ್ನು ಅವಳಿಗೆ ಸಾಕೆನಿಸುವವರೆಗೆ ಮಾಡಲಿ. ಬೇಕಾದರೆ ನೀವು ಪಕ್ಕದಲ್ಲಿ ಅದನ್ನೇ ಅಭ್ಯಾಸ ಮಾಡಿ, ಆದರೆ ಹೇಳಿಕೊಡುವ ಕೆಲಸವನ್ನು ತರಬೇತುದಾರರಿಗೆ ಬಿಡಿ.

ಇದರಲ್ಲಿ ಇಷ್ಟು ಬಿಗಿ ಏಕೆಂದರೆ, ಡೈವಿಂಗಿನಲ್ಲಿ ಗಾಬರಿಗಿಂತ ದೊಡ್ಡ ಅಪಾಯ ಇನ್ನೊಂದಿಲ್ಲ. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. 10 ಮೀಟರ್ ಕೆಳಗೆ ಸಿಲಿಂಡರಿನ ಗಾಳಿಯನ್ನು ಎದೆ ತುಂಬ ಎಳೆದುಕೊಂಡವರು ಉಸಿರು ಕಟ್ಟಿಕೊಂಡೇ ಮೇಲಕ್ಕೆ ಧಾವಿಸಿದರೆ, ಆ ಗಾಳಿ ಹಿಗ್ಗಿ ಎರಡರಷ್ಟಾಗಲು ಹೊರಟು ಶ್ವಾಸಕೋಶವನ್ನೇ ಹರಿಯಬಲ್ಲದು. ಗಾಳಿಯ ಗಾತ್ರ ಅತಿ ವೇಗವಾಗಿ ಬದಲಾಗುವುದು ಮೇಲ್ಮೈಗೆ ಹತ್ತಿರದ ಕೆಲವೇ ಮೀಟರುಗಳಲ್ಲಿ. ಹಾಗಾಗಿ ಇಂಥ ಅನಾಹುತಕ್ಕೆ ಈಜುಕೊಳದ ಆಳವೂ ಸಾಕು. ಉಸಿರು ಕಟ್ಟಬಾರದೆಂಬ ನಿಯಮವನ್ನು ಮೊದಲ ಪಾಠದಲ್ಲೇ ಕಲಿಸುವುದು ಇದಕ್ಕಾಗಿ. ಮನಸ್ಸು ಒಪ್ಪದಿದ್ದರೂ ಅಪ್ಪನಿಗಾಗಿ ಇಳಿದ ಮಗು ಮೊದಲು ಮರೆಯುವುದು ಆ ನಿಯಮವನ್ನೇ.

ಇನ್ನು ನಿಮ್ಮ ಮೂರನೆಯ ಪ್ರಶ್ನೆ. ಪ್ರಮಾಣಪತ್ರ ಪಡೆದ ಅಪ್ಪ ಜೊತೆಗಿದ್ದರೆ ನಿಯಮ ಅಡ್ಡಬರುವುದಿಲ್ಲ. ಆದರೂ ನೀವಿಬ್ಬರೇ ಇಳಿಯುವುದು ಬೇಡವೆಂದು ಒತ್ತಿ ಹೇಳುತ್ತೇನೆ. ಓಪನ್ ವಾಟರ್ ಕೋರ್ಸಿನಲ್ಲಿ ಕಡಲಿನಂಥ ತೆರೆದ ನೀರಿನಲ್ಲಿ ಇಳಿಯುವುದು ನಾಲ್ಕೇ ಸಲ. ನೆಲದ ಮೇಲೆ ನಿಮಗೆ ಅವಳಿಗಿಂತ ಎಷ್ಟೋ ಹೆಚ್ಚು ಅನುಭವವಿದೆ, ನೀರಿನಡಿ ನೀವೂ ಅವಳಷ್ಟೇ ಹೊಸಬರು. ಡೈವಿಂಗಿನಲ್ಲಿ ಜೋಡಿಯೆಂದರೆ ಒಬ್ಬರನ್ನು ಇನ್ನೊಬ್ಬರು ಕಾಪಾಡಬಲ್ಲವರಾಗಿರಬೇಕು. ನಿಮ್ಮ ಗಾಳಿ ಮುಗಿದರೆ ಅವಳು ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ತನ್ನ ಹೆಚ್ಚುವರಿ ರೆಗ್ಯುಲೇಟರನ್ನು ನಿಮಗೆ ಕೊಟ್ಟು, ನಿಮ್ಮನ್ನು ಹಿಡಿದು ನಿಧಾನವಾಗಿ ಮೇಲೆ ತಂದು, ಅಲೆಗಳ ನಡುವೆ ನಿಮ್ಮನ್ನು ತೇಲಿಸಿಡಬೇಕಾಗುತ್ತದೆ. ಮೈಕಟ್ಟು ದೊಡ್ಡದಿರುವ ವಯಸ್ಕರು ಸಾಮಾನ್ಯವಾಗಿ ಮಕ್ಕಳಿಗಿಂತ ಬೇಗ ಗಾಳಿ ಖರ್ಚು ಮಾಡುವುದರಿಂದ ಇದು ಬರೀ ಊಹೆಯ ಮಾತಲ್ಲ. ಸುಮಾರು 200 ಬಾರ್ ಒತ್ತಡದಲ್ಲಿ ತುಂಬಿದ ಸಿಲಿಂಡರಿನಲ್ಲಿ 50 ಬಾರ್ ಉಳಿದಿರುವಾಗಲೇ ನೀರಿನಿಂದ ಮೇಲೆ ಬಂದಿರಬೇಕೆನ್ನುವುದು ಪದ್ಧತಿ. ಆ ಗುರುತನ್ನು ಮೊದಲು ಮುಟ್ಟುವುದು ಬಹುಶಃ ಸಿಲಿಂಡರಿನ ಒತ್ತಡ ತೋರಿಸುವ ನಿಮ್ಮ ಮೀಟರಿನ ಮುಳ್ಳೇ. ಮಗಳ ಮೇಲೇ ಕಣ್ಣು ನೆಟ್ಟ ಅಪ್ಪ ತನ್ನ ಮೀಟರ್ ನೋಡುವುದನ್ನು ಮರೆಯುವುದು ಸಹಜ. ನೀವು ನೋಡಲೇಬೇಕು, ಉಳಿದಿರುವುದೆಷ್ಟೆಂದು ಅವಳಿಗೂ ಆಗಾಗ ತಿಳಿಸಬೇಕು.

ಆದ್ದರಿಂದ ಮುಂದಿನ ಒಂದೆರಡು ವರ್ಷವಾದರೂ ನೀರಿನಡಿ ತಂಡವನ್ನು ಮುನ್ನಡೆಸುವ ಅನುಭವಿ ಡೈವ್ ಮಾಸ್ಟರ್ ಒಬ್ಬರು ನಿಮ್ಮಿಬ್ಬರ ಜೊತೆಗಿರಲಿ. ಹೋಗುವ ಕೇಂದ್ರದಲ್ಲಿ ಒಬ್ಬ ತರಬೇತುದಾರರ ಕೈಕೆಳಗೆ ಎಷ್ಟು ಜನ ಇಳಿಯುತ್ತಾರೆ, ದೋಣಿಯಲ್ಲಿ ತುರ್ತು ಆಮ್ಲಜನಕವಿದೆಯೇ ಎಂದು ಹಣ ಕಟ್ಟುವ ಮೊದಲೇ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸುವ ಕಡೆ ಮಗಳನ್ನು ಕರೆದೊಯ್ಯಬೇಡಿ.

ನೀರಿನಡಿಯ ಸಂಜ್ಞೆಗಳಲ್ಲಿ ಹೆಬ್ಬೆರಳನ್ನು ಮೇಲೆತ್ತಿದರೆ ‘ಮೇಲೆ ಹೋಗೋಣ’ ಎಂದರ್ಥ. ಎಲ್ಲ ಸರಿಯಿದೆ ಎನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡುತ್ತಾರೆ. ಮಗಳು ಹೆಬ್ಬೆರಳೆತ್ತಿದಾಗ ನೀವು ತಲೆಯಾಡಿಸಿ ‘ಇನ್ನೈದು ನಿಮಿಷ’ ಎನ್ನಬಾರದು, ಕಡಲಾಮೆಯೇ ಎದುರಿಗೆ ಬಂದಿದ್ದರೂ ಎನ್ನಬಾರದು. ಯಾರು ಬೇಕಾದರೂ, ಯಾವಾಗ ಬೇಕಾದರೂ, ಕಾರಣ ಹೇಳದೆ ಡೈವನ್ನು ನಿಲ್ಲಿಸಬಹುದು. ಮೇಲೆ ಬಂದ ಮೇಲೂ ಏಕೆಂದು ಅವಳನ್ನು ಕೆದಕಬೇಡಿ, ಅವಳಾಗಿಯೇ ಹೇಳಿದರೆ ಕೇಳಿಸಿಕೊಳ್ಳಿ. ಈ ಹಕ್ಕು ತನಗೆ ನಿಜವಾಗಿಯೂ ಇದೆಯೆಂದು ಅವಳಿಗೆ ಖಾತ್ರಿಯಾದರೆ ಮಾಸ್ಕಿನ ಭಯವೂ ಬಹುಪಾಲು ಇಳಿಯುತ್ತದೆಂದು ನನಗನಿಸುತ್ತದೆ.

ಕೊನೆಯದಾಗಿ, ನೀವು ಕೇಳದಿದ್ದರೂ ಹೇಳಬೇಕಾದ ಒಂದು ಸಂಗತಿ. ಎರಡು ದಿನ ಡೈವ್ ಮಾಡಿ ಭಾನುವಾರ ರಾತ್ರಿಯ ಬಸ್ಸಿಗೇ ಹೊರಡುವುದಾಗಿ ಬರೆದಿದ್ದೀರಿ. ಒತ್ತಡದಲ್ಲಿ ರಕ್ತ, ಅಂಗಾಂಶಗಳಲ್ಲಿ ಕರಗಿದ ಸಾರಜನಕ ಹೊರಹೋಗಲು ಸಮಯ ಬೇಕು. ಅದಕ್ಕೆ ಮೊದಲೇ ಎತ್ತರಕ್ಕೆ ಹೋದರೆ ಅದು ದೇಹದೊಳಗೆ ಗುಳ್ಳೆಗಟ್ಟಬಹುದು. ಹಲವು ಡೈವ್‌ಗಳ ನಂತರ ವಿಮಾನ ಹತ್ತಲು ಕನಿಷ್ಠ 18 ಗಂಟೆ ಕಾಯಬೇಕೆಂಬ ಸಲಹೆ ಸುಮಾರು 600 ಮೀಟರಿಗಿಂತ ಎತ್ತರದ ಊರುಗಳಿಗೆ ರಸ್ತೆಯಲ್ಲಿ ಹೋಗುವವರಿಗೂ ಅನ್ವಯಿಸುತ್ತದೆ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಭಾನುವಾರ ರಾತ್ರಿ ಮುರುಡೇಶ್ವರದಲ್ಲೇ ಉಳಿದು, ಸೋಮವಾರ ಮಧ್ಯಾಹ್ನದ ಮೇಲೆ ಘಟ್ಟ ಹತ್ತಿ. ಶಾಲೆಗೆ ಒಂದು ದಿನದ ರಜಾ ಚೀಟಿಯನ್ನು ಹೊರಡುವ ಮೊದಲೇ ಕೊಟ್ಟಿರಿ.

– ಸಂಪಾದಕ