ಮನೇಲಿ ಮಾಡಿದ ರೆಸಿಸ್ಟೆನ್ಸ್ ಸೋಲ್ಡರಿಂಗ್ ಸೆಟ್ಟಲ್ಲಿ ಹಿತ್ತಾಳೆ ಕಾಯ್ತಿಲ್ಲ, ಮೈಕ್ರೋವೇವ್ ಟ್ರಾನ್ಸ್‌ಫಾರ್ಮರ್ ಹಾಕ್ಲಾ?

ಹಾಕ್ಬೇಡಿ. ಈ ಸೆಟ್ಟಲ್ಲಿ ಟ್ರಾನ್ಸ್‌ಫಾರ್ಮರಿಂದ ಬರೋ ಕಡಿಮೆ ವೋಲ್ಟಿನ ದೊಡ್ಡ ಕರೆಂಟ್ನ ಕಾರ್ಬನ್ ಕಡ್ಡಿ ಮೂಲಕ ಹಿತ್ತಾಳೆಗೆ ಹರಿಸಿ, ತಾಗಿದ ಜಾಗ ಕಾಯಿಸಿ ಸೋಲ್ಡರ್ (ಬೆಸುಗೆ ಲೋಹ) ಕರಗಿಸ್ತೀವಿ. ನಿಮ್ ಟ್ರಾನ್ಸ್‌ಫಾರ್ಮರ್ ಸಣ್ಣದಲ್ಲ, ವೈರ್ ಸಣ್ಣದು. "4 ವೋಲ್ಟ್ ಟ್ರಾನ್ಸ್‌ಫಾರ್ಮರ್, ಎರಡೂ ಕಡೆಗೆ 2 ಮೀಟರ್ ಮನೆ ವೈರಿಂಗ್ ವೈರ್, ಸೋಲ್ಡರ್ ಕರಗಲ್ಲ ಆದ್ರೆ ವೈರ್ ಬೆಚ್ಚಗಾಗುತ್ತೆ" ಅಂತ ನೀವೇ ಬರ್ದಿದೀರಲ್ಲ, ಆ ವೈರ್ ಬೆಚ್ಚಗಾಗೋದ್ರಲ್ಲೇ ಉತ್ತರ ಇದೆ.

ನಾನು ಮಂಡ್ಯದವನು. ಮೈಸೂರಲ್ಲಿ ಸಿಎಫ್‌ಟಿಆರ್‌ಐ ಎದುರಿಗಿರೋ ರೈಲ್ವೆ ಮ್ಯೂಸಿಯಮ್ ನೋಡಿದ್ಮೇಲೆ ಹಳೇ ಮೀಟರ್ ಗೇಜ್ (ಹಳಿಗಳ ಮಧ್ಯ ಒಂದು ಮೀಟರ್ ಇರೋ) ಬೋಗಿಗಳ ಪುಟ್ಟ ಮಾಡೆಲ್ ಹಿತ್ತಾಳೇಲಿ ಮಾಡ್ಬೇಕು ಅನ್ನೋ ಹುಚ್ಚು ಹತ್ಕೊಂಡಿದ್ದು. 1:87 ಸ್ಕೇಲಲ್ಲಿ ಮೀಟರ್ ಗೇಜ್ ಅಂದ್ರೆ 11.5 ಮಿಮೀ ಬರುತ್ತೆ, 12 ಮಿಮೀ ಹಳಿ ಮೇಲೆ ಓಡಿಸ್ತಾರೆ, ಅಷ್ಟು ಸಣ್ಣ ಬೋಗಿಗೆ ಬಾಗಿಲ ಪಕ್ಕದ ಹಿಡಿಕಂಬಿ ಅಂದ್ರೆ ಬರೀ ಅರ್ಧ ಮಿಮೀಗಿಂತ ಸಣ್ಣ ತಂತಿ. ಮಾಮೂಲಿ ಸೋಲ್ಡರಿಂಗ್ ಐರನ್ ಇಟ್ರೆ ಇಡೀ ತಗಡು ಕಾಯ್ದು, ಈ ಕಂಬಿ ಕೂರೋಷ್ಟರಲ್ಲಿ ಆಗ್ಲೇ ಕೂರಿಸಿದ್ದ ಮೆಟ್ಟಿಲು ಕಳಚ್ಕೊಂಡು ಬೀಳೋದು. ರೆಸಿಸ್ಟೆನ್ಸ್ ಸೆಟ್ಟಲ್ಲಿ ಕಾರ್ಬನ್ ಕಡ್ಡಿ ಒತ್ತಿದ ಜಾಗ ಒಂದೆರಡು ಸೆಕೆಂಡಲ್ಲಿ ಕಾಯುತ್ತೆ, ಪಕ್ಕದ್ದಕ್ಕೆ ಬಿಸಿ ಹರಡೋಕೆ ಟೈಮೇ ಇರಲ್ಲ. ಅದಕ್ಕೇ ಅದು ಬೇಕಾಗಿದ್ದು.

ನಾನೂ ನಿಮ್ ಥರಾನೇ ಮನೇಲಿ ಮಿಕ್ಕಿದ್ದ 1.5 ಸ್ಕ್ವೇರ್ ಎಂಎಂ ವೈರ್ ಹಾಕಿದ್ದೆ, ಗೋಡೆ ಒಳಗೆ ಫ್ಯಾನು ಲೈಟು ಎಲ್ಲಾ ಅದ್ರಲ್ಲೇ ನಡೆಯುತ್ತಲ್ಲ, 4 ವೋಲ್ಟಿಗೆ ಸಾಕಾಗಲ್ವಾ ಅಂತ. ತಪ್ಪಾಗಿದ್ದು ಇಲ್ಲೇ, ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ವೈರಿನ ದಪ್ಪ ನಿರ್ಧಾರ ಆಗೋದು ವೋಲ್ಟಿಂದ ಅಲ್ಲ, ಆಂಪಿಯರಿಂದ. ಆ ವೈರ್ ರೆಸಿಸ್ಟೆನ್ಸ್ ಕಿಲೋಮೀಟರಿಗೆ ಸುಮಾರು 12 ಓಮ್. ಹೋಗೋಕೆ 2 ಮೀಟರ್ ಬರೋಕೆ 2 ಮೀಟರ್, ಒಟ್ಟು 4 ಮೀಟರಿಗೆ 0.05 ಓಮ್ ಹತ್ರ. ಏನೂ ಅಲ್ಲ ಅನ್ಸುತ್ತೆ, ಆದ್ರೆ 40 ಆಂಪಿಯರ್ ಹರೀಬೇಕು ಅಂದ್ರೆ 2 ವೋಲ್ಟ್ ಆ ವೈರಿಗೇ ಬೇಕು, ಇರೋದೇ 4! ಅರ್ಧ ದಾರೀಲೇ ಹೋಯ್ತು, 80 ವ್ಯಾಟ್ ಬಿಸಿ ವೈರಲ್ಲೇ. ಅದೇ 16 ಸ್ಕ್ವೇರ್ ಎಂಎಂ ವೆಲ್ಡಿಂಗ್ ಕೇಬಲ್ ಹಾಕಿದ್ರೆ ಹೋಗೋದು ಬರೀ 0.2 ವೋಲ್ಟ್.

ಇದು ಗೊತ್ತಾಗದೆ ನಾನು ಟ್ರಾನ್ಸ್‌ಫಾರ್ಮರ್ರೇ ಸಾಲ್ತಿಲ್ಲ ಅಂದ್ಕೊಂಡು 12 ವೋಲ್ಟಿಂದು ದೊಡ್ಡದು ತಂದೆ. ಸೋಲ್ಡರ್ ಕರಗಿತು ನಿಜ, ಆದ್ರೆ ಕಡ್ಡಿ ಸ್ವಲ್ಪ ಅಲ್ಲಾಡಿದ್ರೂ ಚಟ್ ಅಂತ ಕಿಡಿ, ಯಾಕಂದ್ರೆ ಕಾಂಟ್ಯಾಕ್ಟ್ ಬಿಟ್ಟ ಕ್ಷಣ ತುದೀಲಿ ಪೂರ್ತಿ 12 ವೋಲ್ಟ್ ಇರುತ್ತೆ. ಕಿಟಕಿಗಳನ್ನೆಲ್ಲ ಕೊರೆದು ಮುಗಿಸಿದ್ದ ಬೋಗಿ ಪಕ್ಕದ ತಗಡಿಗೆ ಸಾಸಿವೆ ಕಾಳಷ್ಟು ತೂತು ಬಿತ್ತು, ಸುತ್ತ ಕಪ್ಪು ಅಂಚು, ಅದನ್ನ ಉಜ್ಜಿ ಸರಿ ಮಾಡೋಕಾಗಲ್ಲ. ತಿಂಗಳುಗಟ್ಲೆ ಕೆಲಸ ಹೋಯ್ತು. ಆ ದೊಡ್ಡ ಟ್ರಾನ್ಸ್‌ಫಾರ್ಮರ್ನ ವೋಲ್ಟ್ ಇಳಿಸಿ ಸುತ್ತಿಸೋಣ ಅಂತ ನಮ್ಮೂರಲ್ಲಿ ಪಂಪ್‌ಸೆಟ್ ಮೋಟರ್ ವೈಂಡಿಂಗ್ ಮಾಡೋ ಅಣ್ಣನ ಹತ್ರ ತಗೊಂಡೋದ್ರೆ, ಅವ್ರು ಟ್ರಾನ್ಸ್‌ಫಾರ್ಮರ್ ಮುಟ್ಟೋಕೂ ಮುಂಚೆ ವೈರ್ ಹಿಡ್ಕೊಂಡು "ನೀರೆಲ್ಲ ನಾಲೇಲೇ ಇಂಗೋದ್ರೆ ಕೊನೇ ಗದ್ದೆಗೆ ಏನ್ ಹೋಯ್ತದೆ ಸಾ?" ಅಂದ್ರು. ಅವತ್ತೇ ವೆಲ್ಡಿಂಗ್ ಕೇಬಲ್ ತಂದು, ಮೊದ್ಲಿನ 4 ವೋಲ್ಟಿಂದಕ್ಕೇ ಲಗ್ (ಕೇಬಲ್ ತುದಿಗೆ ಹಾಕೋ ತೂತಿರೋ ಲೋಹದ ತುಂಡು) ಒತ್ತಿಸಿ ಬೋಲ್ಟ್ ಹಾಕ್ದೆ, ಕೆಲಸ ಆಯ್ತು. ಇವತ್ತಿಗೂ ಅದೇ.

ಹಾಗಾಗಿ ನೀವು ಏನೂ ಕೊಳ್ಳೋಕೂ ಮುಂಚೆ ಮಲ್ಟಿಮೀಟರ್ ಎಸಿ ವೋಲ್ಟಲ್ಲಿಟ್ಟು, ಕಡ್ಡಿ ಒತ್ತಿ ಕರೆಂಟ್ ಹರೀತಿರೋವಾಗ ಟ್ರಾನ್ಸ್‌ಫಾರ್ಮರ್ ಟರ್ಮಿನಲಲ್ಲಿ ಎಷ್ಟು, ಕಡ್ಡಿ ಹಿಡಿಕೆಗೂ ಹಿತ್ತಾಳೆಗೂ ಮಧ್ಯ ಎಷ್ಟು ನೋಡಿ. ಆ ವ್ಯತ್ಯಾಸನೇ ನಿಮ್ ನಷ್ಟ. ಕರೆಂಟ್ ಹರೀದೇ ಇರೋವಾಗ ಅಳೆದ್ರೆ ಎರಡೂ ಕಡೆ 4 ಅಂತಾನೇ ತೋರ್ಸುತ್ತೆ, ನಾನು ಮೋಸ ಹೋಗಿದ್ದು ಅದಕ್ಕೇ. ಸಣ್ಣ ಮೊಸಳೆ ಕ್ಲಿಪ್ ಹಾಕಿದ್ರೆ ಕಿತ್ಹಾಕಿ, ವೆಲ್ಡಿಂಗ್ ಅರ್ಥ್ ಕ್ಲಾಂಪ್ ಹಾಕಿ, ಅದು ಕಚ್ಚೋ ಜಾಗ ಉಜ್ಜಿ ಹೊಳೆಯೋ ಹಾಗೆ ಮಾಡಿ. ಕಡ್ಡಿಗೆ ಹಳೇ ಟಾರ್ಚ್ ಸೆಲ್ ಬಿಚ್ಚೋ ಗಲೀಜು ಬೇಡ, ವೆಲ್ಡಿಂಗ್ ಸಾಮಾನಿನ ಅಂಗಡೀಲಿ ಗೌಜಿಂಗ್ ರಾಡ್ ಅಂತ ಕೇಳಿ, ತಾಮ್ರದ ಕೋಟಿಂಗ್ ಇರೋ ಕಾರ್ಬನ್ ಅದು, ತುದಿ ಮಾತ್ರ ಚೂಪು ಮಾಡ್ಕೊಳಿ. ಕಾಲಿನ ಸ್ವಿಚ್ 230 ವೋಲ್ಟ್ ಕಡೆಗೇ ಇರ್ಲಿ, ಹೊಲಿಗೆ ಮಿಷನ್ ಪೆಡಲ್ ಬೇಡ, ಬರೀ ಆನ್ ಆಫ್ ಆಗೋ ಸ್ವಿಚ್ಚೇ ಹಾಕಿ, ಫ್ಯೂಸು ಅರ್ಥಿಂಗು ಎರಡೂ ಹಾಕಿ. ಕಡ್ಡಿ ಒತ್ತಿದ್ಮೇಲೆ ಕರೆಂಟ್, ಕರಗಿದ ತಕ್ಷಣ ಕಾಲು ತೆಗೀರಿ, ಸೋಲ್ಡರ್ ಗಟ್ಟಿ ಆಗೋವರ್ಗೂ ಕಡ್ಡಿ ಎತ್ಬೇಡಿ.

ಮೈಕ್ರೋವೇವ್ ವಿಷ್ಯ ಬೇರೆಯವ್ರು ಸುಲಭ ಅಂತಾರೆ, ನಾನು ಒಪ್ಪಲ್ಲ. ಅದರ ಸೆಕೆಂಡರೀಲಿ (ಔಟ್‌ಪುಟ್ ಕಡೆ ಸುತ್ತಿರೋ ತಂತೀಲಿ) 2000 ವೋಲ್ಟ್ ಆಸುಪಾಸು ಇರುತ್ತೆ, ಓವನ್ ಆಫ್ ಮಾಡಿದ್ಮೇಲೂ ಒಳಗಿನ ಕೆಪ್ಯಾಸಿಟರಲ್ಲಿ ಚಾರ್ಜ್ ಉಳಿದಿರಬಹುದು, ಒಂದ್ಸಲ ಕೈ ತಗುಲಿದ್ರೂ ಜೀವ ಹೋಗಬಹುದು. ಸೆಕೆಂಡರಿ ಕಿತ್ತು ಹೊಸದಾಗಿ ಸುತ್ತಿದ್ರೂ ಅದು ಫ್ಯಾನ್ ಗಾಳೀಲಿ ನಡೆಯೋಕೆ ಮಾಡಿರೋ ಟ್ರಾನ್ಸ್‌ಫಾರ್ಮರ್, ಲೋಡ್ ಇಲ್ಲದೇನೇ ಕಾಯುತ್ತೆ. ನಿಮ್ಮತ್ರ ಇರೋದು ಒಳ್ಳೇದೇ ಇದೆ, ಅಳೆದು ಎರಡೂ ರೀಡಿಂಗ್ ಇಲ್ಲೇ ಬರೀರಿ, ಕೇಬಲ್ ಎಷ್ಟು ದಪ್ಪದ್ದು ಬೇಕು ಅಂತ ಲೆಕ್ಕ ಹಾಕಿ ಹೇಳ್ತೀನಿ.