ಹಿಮದಡಿ ಆರು ದಿನ ಎಲ್ಲರಿಗೂ ಸಿಗುವುದಿಲ್ಲ

ಪ್ರಶ್ನೆ: ಜನವರಿಯಲ್ಲಿ ನಾಲ್ವರು ಗೆಳೆಯರು ಸ್ಕೀಯಿಂಗ್‌ಗೆಂದು ಗುಲ್ಮಾರ್ಗ್‌ಗೆ ಹೊರಟಿದ್ದೇವೆ. ಗೊಂಡೋಲಾ ಎಂಬ ಕೇಬಲ್ ಕಾರಿನಲ್ಲಿ ಅಫರ್ವಾಟ್ ಪರ್ವತಕ್ಕೆ ಹೋಗಿ, ಜನ ಇಳಿಯದ ಕಡೆ ಇಳಿಯುವ ಆಸೆ. ಮನೆಯವರಿಗೆ ಹಿಮಕುಸಿತದ ಭಯ. ಆದರೆ ನಮ್ಮ ಧಾರವಾಡ ಜಿಲ್ಲೆಯ ಯೋಧ ಹನುಮಂತಪ್ಪ ಕೊಪ್ಪದ ಸಿಯಾಚಿನ್‌ನಲ್ಲಿ ಆರು ದಿನ ಹಿಮದಡಿ ಜೀವ ಹಿಡಿದಿದ್ದರಲ್ಲ? ರಕ್ಷಣಾ ತಂಡ ಬರುವಷ್ಟು ಸಮಯ ಇರುತ್ತದಲ್ಲವೇ?
– ಓದುಗ, ಹುಬ್ಬಳ್ಳಿ

ಉತ್ತರ: ಇರುವುದಿಲ್ಲ. ಹನುಮಂತಪ್ಪನವರ ಹೆಸರು ಹೇಳಿ ಈ ಲೆಕ್ಕ ಹಾಕುವವರು ನೀವೊಬ್ಬರೇ ಅಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. 2016ರ ಫೆಬ್ರುವರಿ 3ರಂದು ಸುಮಾರು 19,600 ಅಡಿ ಎತ್ತರದ ಸೋನಮ್ ಠಾಣೆಯಲ್ಲಿ ಹತ್ತು ಯೋಧರು ಹಿಮದಡಿ ಸಿಕ್ಕಿದರು. ಜೀವಂತ ಸಿಕ್ಕವರು ಹನುಮಂತಪ್ಪನವರೊಬ್ಬರೇ. ಅವರೂ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರಿದ್ದ ಗುಡಾರದಲ್ಲಿ ಗಾಳಿಗೆ ಜಾಗ ಉಳಿದಿತ್ತೆಂದು ಆಗ ವರದಿಯಾಗಿತ್ತು. ಸ್ಕೀ ಮಾಡುತ್ತ ಇಳಿಯುವವನ ಸುತ್ತ ಯಾವ ಗುಡಾರವಿರುತ್ತದೆ? ಹರಿದು ನಿಂತ ಹಿಮ ಕಾಂಕ್ರೀಟಿನ ಹಾಗೆ ಬಿಗಿಯುತ್ತದೆ, ಕೈಬೆರಳೂ ಆಡುವುದಿಲ್ಲ. ಹತ್ತು ಹದಿನೈದು ನಿಮಿಷದೊಳಗೆ ಮುಖ ಹೊರತೆಗೆದರೆ ಬದುಕುವ ಸಾಧ್ಯತೆ ಚೆನ್ನಾಗಿದೆ. ಅರ್ಧ ಗಂಟೆ ದಾಟಿದರೆ ಉಸಿರುಕಟ್ಟಿ ಹೋಗುವವರೇ ಹೆಚ್ಚು. ಹೆಲಿಕಾಪ್ಟರಿಗೆ ಫೋನ್ ಹಚ್ಚುವುದರಲ್ಲೇ ಅಷ್ಟು ಹೊತ್ತಾಗುತ್ತದೆ. ನಿಮ್ಮನ್ನು ಅಗೆದು ತೆಗೆಯಬೇಕಾದವರು ಆ ಮೂವರು ಗೆಳೆಯರೇ.

ಆದ್ದರಿಂದ ನಾಲ್ವರ ಮೈಮೇಲೂ ಟ್ರಾನ್ಸೀವರ್ (ಹೂತವರನ್ನು ಹುಡುಕಲು ರೇಡಿಯೊ ಸಂಕೇತ ಕಳಿಸುವ, ಹಿಡಿಯುವ ಸಾಧನ) ಇರಲಿ, ಬ್ಯಾಗಿನಲ್ಲಿ ಹಿಮಕ್ಕೆ ಚುಚ್ಚಿ ನೋಡುವ ಉದ್ದನೆಯ ಶೋಧನ ಕಡ್ಡಿ ಮತ್ತು ಲೋಹದ ಸಲಿಕೆ. ಒಬ್ಬನ ಹತ್ತಿರ ಇದ್ದರೆ ಸಾಕೆನ್ನಬೇಡಿ. ಹೂತುಹೋದವನು ಅವನೇ ಆದರೆ? ಮೊಬೈಲನ್ನು ಟ್ರಾನ್ಸೀವರ್ ಪಕ್ಕದ ಜೇಬಿನಲ್ಲಿ ಇಡಬೇಡಿ, ಸಂಕೇತ ಕೆಡುತ್ತದೆ. ಹೊರಡುವ ಮುಂಚೆ ಒಂದನ್ನು ಹಿಮದಲ್ಲಿ ಹೂತು ಹುಡುಕಿ ನೋಡಿ. ಪ್ಯಾಕೆಟ್ ಒಡೆಯದ ಹೊಸ ಟ್ರಾನ್ಸೀವರ್ ತರುವ ಹುಡುಗರನ್ನು ತರಬೇತಿಯಲ್ಲಿ ಕಂಡು ನನಗೆ ಸಿಟ್ಟು ಬರುತ್ತಿತ್ತು.

ಇಷ್ಟೆಲ್ಲ ಆದಮೇಲೂ ಇವು ಕುಸಿದ ನಂತರದ ಸಾಮಾನು. ಕುಸಿಯದ ಜಾಗ ಆರಿಸುವುದೇ ನಿಜವಾದ ಕೆಲಸ. ಸಿಕ್ಕಿಬೀಳುವವರಲ್ಲಿ ಬಹುಪಾಲು ಜನರ ಮೇಲೆ ಬರುವ ಹಿಮವನ್ನು ಕೆದಕಿದವರು ಅವರೇ, ಇಲ್ಲ ಅವರ ಜೊತೆಗಾರರೇ. 30ರಿಂದ 45 ಡಿಗ್ರಿ ಇಳಿಜಾರಿನ ಮೇಲೆ ಸಂಶಯವಿರಲಿ. ಸ್ಕೀ ಮಾಡುವವರಿಗೆ ಇಷ್ಟವಾಗುವುದೂ ಅದೇ ಇಳಿಜಾರು, ಏನು ಮಾಡೋಣ! ಹೊಸ ಹಿಮ ಬಿದ್ದ ಒಂದೆರಡು ದಿನ, ಗಾಳಿ ಹಿಮವನ್ನು ಹೊತ್ತು ಗುಡ್ಡದ ಮರೆಯ ಬದಿಗೆ ಪೇರಿಸಿದಾಗ, ಬಿಸಿಲು ಏಕಾಏಕಿ ಏರಿದಾಗ ಅತ್ತ ಹೋಗಬೇಡಿ. ಕಾಲಡಿ ‘ಧೊಪ್’ ಎಂದು ಹಿಮ ಕೂತರೆ, ಸ್ಕೀ ತುದಿಯಿಂದ ಬಿರುಕು ಓಡಿದರೆ, ಅಡಿಯ ಪದರ ಮುರಿಯುತ್ತಿದೆ ಎಂದರ್ಥ. ಕಡಿಮೆ ಇಳಿಜಾರಿನ ಕಡೆಗೆ ಸರಿಯಿರಿ. ದಾಟಲೇಬೇಕಾದರೆ ಒಬ್ಬೊಬ್ಬರಾಗಿ, ಉಳಿದವರು ಸುರಕ್ಷಿತ ಜಾಗದಿಂದ ಕಣ್ಣಿಟ್ಟು. ಗುಲ್ಮಾರ್ಗ್‌ನ ಸ್ಕೀ ಪ್ಯಾಟ್ರೋಲ್‌ನವರು (ಸ್ಕೀ ಇಳಿಜಾರುಗಳ ಕಾವಲು ತಂಡ) ಮುಚ್ಚಿದ ಕಡೆಗೆ ಹಗ್ಗ ದಾಟಿ ಹೋಗುವ ಧೈರ್ಯ ಬೇಡ. 2024ರ ಫೆಬ್ರುವರಿಯಲ್ಲಿ ಅಲ್ಲಿಯೇ ರಷ್ಯಾದ ಸ್ಕೀಯರ್ ಒಬ್ಬರು ಹಿಮಕುಸಿತಕ್ಕೆ ಬಲಿಯಾದರು.

ಪ್ರಶ್ನೆ: ಮಗಳು ಡಿಸೆಂಬರ್‌ನಲ್ಲಿ ಉತ್ತರಾಖಂಡದ ಕೇದಾರಕಂಠ ಶಿಖರದ ಚಾರಣಕ್ಕೆ ಹೊರಟಿದ್ದಾಳೆ. ಕಳಿಸಲೇ ಬೇಡವೇ?
– ಒಬ್ಬ ತಾಯಿ, ಮೈಸೂರು

ಉತ್ತರ: ಕಳಿಸಿ ತಾಯಿ. ಸಾಂಕ್ರಿ ಹಳ್ಳಿಯಿಂದ ಹೋಗುವ ಆ ದಾರಿಯ ಬಹುಭಾಗ ಕಾಡಿನೊಳಗಿದೆ. ಅಲ್ಲಿ ಚಳಿಯೂ ಜಾರಿಕೆಯೂ ಮೊದಲ ವೈರಿ. ಚಾರಣ ತಂಡದವರು ಬೂಟಿಗೆ ಹಾಕುವ ಮುಳ್ಳುಪಟ್ಟಿ ಕೊಡುತ್ತಾರೆಯೇ ಕೇಳಿ. ಜೋರು ಹಿಮ ಬಿದ್ದರೆ ಶಿಖರ ಬಿಟ್ಟು ವಾಪಸ್ ಬರುವ ನಿರ್ಧಾರ ಯಾರದು, ಆ ದಿನ ಗೈಡ್ ಮಾತೇ ಕೊನೆಯೇ ಎಂದೂ ಕೇಳಿ. ಉತ್ತರ ತಡವರಿಸಿದರೆ ಬೇರೆ ತಂಡ ನೋಡಿ.