ಚಾರ್ಟರ್ ವಿಮಾನಕ್ಕೂ ಪವರ್ ಬ್ಯಾಂಕ್ ನಿಯಮ ಇದೆಯೇ?

ಪ್ರಶ್ನೆ: ಮದುವೆಗೆಂದು ಮನೆಮಂದಿಯೆಲ್ಲ ಸೇರಿ ಚಾರ್ಟರ್ ವಿಮಾನ ಗೊತ್ತು ಮಾಡಿದ್ದೇವೆ. ನನ್ನ 30,000 ಎಂಎಎಚ್ ಪವರ್ ಬ್ಯಾಂಕನ್ನು ಮಾಮೂಲಿ ವಿಮಾನದಲ್ಲಿ ಲಗೇಜಿಗೆ ಹಾಕಲು ಬಿಡುವುದಿಲ್ಲ. ಇಡೀ ವಿಮಾನ ನಮಗೇ ಇರುವಾಗಲೂ ಹಾಗೆಯೇ? – ಓದುಗರು, ಹುಬ್ಬಳ್ಳಿ

ಉತ್ತರ: ಹೌದು, ಹಾಗೆಯೇ. ಸೀಟೆಲ್ಲ ನಿಮ್ಮವೇ ಆದರೂ ದುಡ್ಡು ಪಡೆದು ಜನರನ್ನು ಒಯ್ಯುವ ಹಾರಾಟ ಕಾನೂನಿನ ಕಣ್ಣಿಗೆ ವಾಣಿಜ್ಯ ಹಾರಾಟ. ಅಪಾಯಕಾರಿ ವಸ್ತುಗಳ ನಿಯಮಕ್ಕೆ ಮೂಲ, ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ (ಐಕಾವೊ) 18ನೇ ಅನುಬಂಧ. ವಿಮಾನ ಕಂಪನಿಗಳು ದಿನನಿತ್ಯ ಬಳಸುವ, ಅವುಗಳದೇ ಅಂತರರಾಷ್ಟ್ರೀಯ ಸಂಘವಾದ ಐಯಾಟಾದ ಕೈಪಿಡಿಗೂ ಅದೇ ಆಧಾರ. ಭಾರತ ಇದಕ್ಕೆಂದೇ 2003ರಲ್ಲಿ ಪ್ರತ್ಯೇಕ ನಿಯಮಾವಳಿ ತಂದಿತು.

ಮಿತಿ ಇರುವುದು ಎಂಎಎಚ್‌ನಲ್ಲಲ್ಲ, ಬ್ಯಾಟರಿಯಲ್ಲಿ ತುಂಬಿರುವ ಶಕ್ತಿಯ ಅಳತೆಯಾದ ವ್ಯಾಟ್-ಅವರ್‌ನಲ್ಲಿ. ಎಂಎಎಚ್ ಅನ್ನು 1,000ದಿಂದ ಭಾಗಿಸಿ, ಒಳಗಿನ ಸೆಲ್‌ನ ವೋಲ್ಟೇಜಿನಿಂದ, ಸಾಮಾನ್ಯವಾಗಿ 3.7ರಿಂದ, ಗುಣಿಸಿ. ಯುಎಸ್‌ಬಿಯ 5 ವೋಲ್ಟ್ ಹಿಡಿದು ಲೆಕ್ಕ ಹಾಕುವವರೇ ಹೆಚ್ಚು, ಅದು ತಪ್ಪು. ನಿಮ್ಮದು 30 × 3.7 = 111 ವ್ಯಾಟ್-ಅವರ್. ಕೈಚೀಲದಲ್ಲಿ ಒಯ್ಯಲು 100ರವರೆಗೆ ಅನುಮತಿ ಬೇಕಿಲ್ಲ. 100 ದಾಟಿ 160ರ ಒಳಗಿದ್ದರೆ ಆಪರೇಟರ್, ಅಂದರೆ ವಿಮಾನ ಹಾರಿಸುವ ಕಂಪನಿಯ ಒಪ್ಪಿಗೆ ಬೇಕು, ಅದೂ ಒಬ್ಬರಿಗೆ ಗರಿಷ್ಠ ಎರಡು. 160 ಮೀರಿದರೆ ಒಯ್ಯುವಂತಿಲ್ಲ. ಹಾಗಾಗಿ ಒಪ್ಪಿಗೆಯನ್ನು ಮೊದಲೇ ಇಮೇಲ್‌ನಲ್ಲಿ ಪಡೆದಿಡಿ. ಕೆಲವು ಕಂಪನಿಗಳ ಮಿತಿ ಇನ್ನೂ ಬಿಗಿಯಾಗಿರುತ್ತದೆ. ಪವರ್ ಬ್ಯಾಂಕ್ ಮೇಲಿನ ಅಕ್ಷರ ಅಳಿಸಿಹೋಗಿದ್ದರೆ ಭದ್ರತಾ ತಪಾಸಣೆಯಲ್ಲೇ ತಡೆದಾರು.

ಲಗೇಜಿಗೆ ಏಕೆ ಬೇಡ? ಲಿಥಿಯಂ ಸೆಲ್ ಒಳಗೆ ಶಾರ್ಟ್ ಆದರೆ ತನ್ನ ಬಿಸಿಯನ್ನು ತಾನೇ ಏರಿಸಿಕೊಳ್ಳುತ್ತ, ಪಕ್ಕದ ಸೆಲ್ಲಿಗೂ ದಾಟಿಸುತ್ತದೆ. ದೊಡ್ಡ ವಿಮಾನದ ಸರಕು ಕೋಣೆಯಲ್ಲಿ ಬೆಂಕಿ ಆರಿಸಲು ಬಿಡುವ ಹ್ಯಾಲಾನ್ ಅನಿಲ ಜ್ವಾಲೆಯನ್ನು ಅಡಗಿಸುತ್ತದೆ, ಆದರೆ ಸೆಲ್ಲನ್ನು ತಣಿಸುವುದಿಲ್ಲ. ಬೆಂಕಿ ಮತ್ತೆ ಹೊತ್ತಿಕೊಳ್ಳಬಹುದು. ಕ್ಯಾಬಿನ್‌ನಲ್ಲಾದರೆ ಹೊಗೆ ಕಂಡ ತಕ್ಷಣ ಬೆಂಕಿ ಆರಿಸಿ, ನೀರು ಸುರಿದು ತಣಿಸುತ್ತಲೇ ಇರಬಹುದು. ಸಣ್ಣ ಜೆಟ್‌ಗಳಲ್ಲಿ ಇದು ಇನ್ನೂ ಮುಖ್ಯ: ಹಲವು ಮಾದರಿಗಳಲ್ಲಿ ಬಾಲದ ಕಡೆಯ ಲಗೇಜ್ ಕೋಣೆಗೆ ಹಾರಾಟದಲ್ಲಿ ಕೈಯೇ ಎಟಕುವುದಿಲ್ಲ. ಮಾಲೀಕರೇ ಸ್ವಂತಕ್ಕೆ ಹಾರಿಸುವ ವಿಮಾನಕ್ಕೆ ವಿಮಾನ ಕಾರ್ಯಾಚರಣೆಯ ಕುರಿತಾದ ಐಕಾವೊ 6ನೇ ಅನುಬಂಧದ ಎರಡನೇ ಭಾಗ ಅನ್ವಯ. ಅಲ್ಲಿ ಕಾರ್ಯಾಚರಣೆಯ ಕಟ್ಟುಪಾಡು ವಾಣಿಜ್ಯ ಹಾರಾಟಕ್ಕಿಂತ ಸಡಿಲ. ಬೆಂಕಿಗೆ ಆ ವ್ಯತ್ಯಾಸವಿಲ್ಲ, ಅಲ್ಲೂ ಕೈಗೆಟಕುವಂತೆಯೇ ಇಡಿ.

ಪೋರ್ಟ್‌ಗಳಿಗೆ ಕೀ, ಚಿಲ್ಲರೆ ತಾಗದಂತೆ ಪವರ್ ಬ್ಯಾಂಕನ್ನು ಬೇರೆ ಚೀಲದಲ್ಲಿಡಿ. ಉಬ್ಬಿದ್ದರೆ ತರಲೇಬೇಡಿ. ಎಡವಟ್ಟು ಹೆಚ್ಚಾಗಿ ಆಗುವುದು ಹತ್ತುವ ಹೊತ್ತಿಗೆ: ಜಾಗ ಸಾಲದೆ ಸಿಬ್ಬಂದಿ ಕೈಚೀಲಗಳನ್ನು ಹಿಂದಿನ ಕೋಣೆಗೆ ಸಾಗಿಸುತ್ತಾರೆ, ಒಳಗಿನ ಪವರ್ ಬ್ಯಾಂಕ್ ಯಾರಿಗೂ ನೆನಪಾಗುವುದಿಲ್ಲ. ಚೀಲ ಕೊಡುವ ಮೊದಲು ಅದನ್ನು ಹೊರಗೆ ತೆಗೆದುಕೊಳ್ಳಿ.